ಲೆದರ್ ಟೂಲ್ಸ್‌ಗೆ ಮನೆಯಲ್ಲೇ ಪೆಟ್ಟಿಗೆ: ಒಳಗೆ ಮಾತ್ರ ಲೆದರ್ ಬೇಡ

ಪ್ರಶ್ನೆ: ನಾನು ಸುರತ್ಕಲ್‌ನವಳು. ಮನೆಯಲ್ಲೇ ಪರ್ಸ್, ಬೆಲ್ಟ್, ಸಣ್ಣ ಬ್ಯಾಗ್ ಮಾಡಿ ಮಾರ್ತಾ ಇದ್ದೇನೆ. ಟೂಲ್ಸ್ ಎಲ್ಲ ಒಂದು ಬಿಸ್ಕೆಟ್ ಡಬ್ಬಿ ಮತ್ತು ಮುಚ್ಚಳ ಇರುವ ಪ್ಲಾಸ್ಟಿಕ್ ಬಾಕ್ಸಲ್ಲಿ ಇಟ್ಟದ್ದು. ಈ ಮಳೆಗಾಲದಲ್ಲಿ ಹೊಲಿಗೆಗೆ ಸಾಲು ತೂತು ಹೊಡೆಯುವ ಹಲ್ಲಿನ ಸ್ಟಿಚಿಂಗ್ ಚಿಸೆಲ್‌ಗೆ ತುಕ್ಕು ಹಿಡಿದಿದೆ, ಚರ್ಮ ಚುಚ್ಚುವ ಆಲ್‌ನ ತುದಿ ಮುರಿದಿದೆ. ಪ್ಲೈವುಡ್ಡಲ್ಲಿ ನಾನೇ ಒಂದು ಪೆಟ್ಟಿಗೆ ಮಾಡಿ, ಒಳಗೆ ಉಳಿದ ವೆಜ್ ಟ್ಯಾನ್ ಲೆದರ್ ತುಂಡುಗಳನ್ನು ಅಂಟಿಸಿ ಚಂದ ಮಾಡುವ ಅಂತ ಉಂಟು. ಯಾವ ಪ್ಲೈ ತಗೊಳ್ಬೇಕು, ಅಳತೆ ಎಷ್ಟು? ತುಕ್ಕು ಹಿಡಿದ ಚಿಸೆಲ್ ಸರಿ ಆಗ್ತದಾ?

ಉತ್ತರ: ಮೇಡಂ, ಪೆಟ್ಟಿಗೆ ಖಂಡಿತ ಮಾಡಿ, ಅಂಗಡಿಯಲ್ಲಿ ಸಿಗೋ ಯಾವ ಕೇಸಿಗಿಂತಲೂ ನಿಮ್ಮ ಟೂಲ್‌ಗೆ ಅಳತೆ ಹಿಡಿದು ಮಾಡಿದ್ದು ಚೆನ್ನಾಗಿರತ್ತೆ. ಆದ್ರೆ ಒಳಗೆ ಲೆದರ್ ಅಂಟಿಸೋ ಯೋಚನೆ ಮಾತ್ರ ಈಗಲೇ ಬಿಟ್ಟುಬಿಡಿ. ಲೆದರ್ ಕೆಲಸದವರ ಪೆಟ್ಟಿಗೆ ಅಂದ್ಮೇಲೆ ಲೆದರ್ ಇರ್ಲೇಬೇಕು ಅಂತ ಎಲ್ಲರಿಗೂ ಅನ್ಸತ್ತೆ, ನೋಡೋಕೂ ಸೊಗಸು, ಆದ್ರೆ ವೆಜ್ ಟ್ಯಾನ್ ಲೆದರ್‌ಗೂ ಸ್ಟೀಲ್‌ಗೂ ಆಗಿಬರಲ್ಲ.

ಯಾಕೆ ಅಂದ್ರೆ, ವೆಜ್ ಟ್ಯಾನ್ ಅಂದ್ರೆ ಮರದ ತೊಗಟೆ, ಕಾಯಿಗಳ ಟ್ಯಾನಿನ್‌ನಲ್ಲಿ ಹದ ಮಾಡಿದ ಚರ್ಮ. ನಮ್ಮ ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸೋ ಚರ್ಮ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು, ನಿಮ್ಮ ಹತ್ರ ಇರೋ ತುಂಡುಗಳೂ ಇದೇ ಜಾತಿಯವು. ಈ ಚರ್ಮದ ಸ್ವಭಾವ ಸ್ವಲ್ಪ ಆಮ್ಲೀಯ, ಜೊತೆಗೆ ಗಾಳಿಯಲ್ಲಿರೋ ತೇವವನ್ನ ಹೀರಿ ಇಟ್ಕೊಳತ್ತೆ. ತೇವ, ಆಮ್ಲ, ಟ್ಯಾನಿನ್ ಮೂರೂ ಸೇರಿ ಕಬ್ಬಿಣಕ್ಕೆ ಅಂಟಿಕೊಂಡು ತಿಂಗಳುಗಟ್ಟಲೆ ಕೂತ್ರೆ ಏನಾಗತ್ತೆ ಅನ್ನೋದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು, ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಕಪ್ಪು ಮಸಿ ಮಾಡ್ತಿದ್ರಲ್ಲ, ಅನ್ನಭೇದಿ ಕಬ್ಬಿಣದ ಲವಣವೇ, ಅದೇ ಕ್ರಿಯೆ ನಿಮ್ಮ ಪೆಟ್ಟಿಗೆ ಒಳಗೂ ನಡೆಯತ್ತೆ. ಲೆದರ್‌ಗೆ ಕಪ್ಪು ಕಲೆ, ಟೂಲ್‌ಗೆ ತುಕ್ಕಿನ ಗುಳಿ. ನಂಬಿಕೆ ಬರದಿದ್ರೆ ಇವತ್ತೇ ಒಂದು ವೆಜ್ ಟ್ಯಾನ್ ತುಂಡು ಒದ್ದೆ ಮಾಡಿ ಅದರ ಮೇಲೆ ಒಂದು ಸಾದಾ ಕಬ್ಬಿಣದ ಮೊಳೆ ಇಟ್ಟು ಮಲಗಿ, ಬೆಳಿಗ್ಗೆ ಮೊಳೆಯ ಆಕಾರದಲ್ಲೇ ನೀಲಿ-ಕಪ್ಪು ಗೆರೆ ಬಿದ್ದಿರತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ.

ಚಾಕು, ರಂಪಿಗೆ (ಚರ್ಮ ಹೆರೆಯೋ ಹರಿತದ ಸ್ಟೀಲ್ ಪಟ್ಟಿ) ಜೊತೆ ಬರೋ ಲೆದರ್ ಕವರ್‌ಗೂ ಇದೇ ಮಾತು. ಕ್ಲಾಸಿಗೋ ಸ್ಟಾಲಿಗೋ ತಗೊಂಡು ಹೋಗುವಾಗ ಹಾಕಿ, ಮನೆಗೆ ಬಂದ ತಕ್ಷಣ ತೆಗೆದಿಡಿ. ಹಿತ್ತಾಳೆ ಬಟನ್, ರಿವೆಟ್‌ಗಳನ್ನೂ ಲೆದರ್ ತುಂಡುಗಳ ಜೊತೆ ಒಂದೇ ಡಬ್ಬಿಗೆ ಹಾಕ್ಬೇಡಿ, ಲೆದರ್‌ನಲ್ಲಿರೋ ಎಣ್ಣೆ ಕೊಬ್ಬು ತಾಗಿ ಹಸಿರು ಕಿಲುಬು ಕಟ್ಟತ್ತೆ.

ಇನ್ನು ನಿಮ್ಮ ಪ್ಲಾಸ್ಟಿಕ್ ಬಾಕ್ಸಲ್ಲಿ ತುಕ್ಕು ಬಂದದ್ದು ಯಾಕೆ ಅಂದ್ರೆ, ಸ್ಟ್ಯಾಂಪಿಂಗ್ ಮಾಡೋಕೆ, ಅಂದ್ರೆ ಡಿಸೈನ್ ಒತ್ತೋಕೆ, ಲೆದರ್ ಒದ್ದೆ ಮಾಡ್ತೀರಿ, ಟೂಲ್ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಉಳಿಯತ್ತೆ, ಹಾಗೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ್ರೆ ಆ ತೇವಕ್ಕೆ ಹೋಗೋಕೆ ದಾರಿ ಇಲ್ಲ. ಗಾಳಿಯ ತೇವ ಶೇಕಡಾ 60 ದಾಟಿದ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯೋ ವೇಗ ಜೋರಾಗತ್ತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮೂರಲ್ಲಿ ಅದಕ್ಕಿಂತ ಕೆಳಗೆ ಇಳಿಯೋದೇ ಅಪರೂಪ, ಮೇಲಿಂದ ಸಮುದ್ರದ ಉಪ್ಪು ಗಾಳಿ ಬೇರೆ. ಆಲ್ ತುದಿ ಮುರಿದದ್ದಕ್ಕೆ ಕಾರಣ ಬಿಸ್ಕೆಟ್ ಡಬ್ಬಿ, ಒಂದಕ್ಕೊಂದು ಬಡಿದುಕೊಂಡ್ರೆ ಯಾವ ಮೊನೆಯೂ ಉಳಿಯಲ್ಲ. ಹಾಗಾಗಿ ನಿಮ್ಮ ಪೆಟ್ಟಿಗೆಗೆ ಇರೋದು ಎರಡೇ ಕೆಲಸ: ಪ್ರತಿ ಅಲಗೂ ಏನನ್ನೂ ಮುಟ್ಟದ ಹಾಗೆ ನಿಲ್ಲಬೇಕು, ಒಳಗಿನ ಗಾಳಿ ಒಣಗಿರಬೇಕು. ಅಂದ ಆಮೇಲೆ.

ಗರಗಸ ಹಿಡಿಯೋ ಮೊದಲು ಒಂದು ನ್ಯೂಸ್‌ಪೇಪರ್ ಹಾಸಿ, ಕೆಲಸ ಮಾಡೋ ಕ್ರಮದಲ್ಲೇ ಟೂಲ್ಸ್ ಜೋಡಿಸಿ. ಸ್ಕೇಲು, ಮಾರ್ಕಿಂಗ್ ಆಲ್, ಕತ್ತರಿಸೋ ಚಾಕು, ಹೆರೆಯೋ ರಂಪಿಗೆ, ಹೊಲಿಗೆಗೆ ಗೀರು ತೋಡೋ ಗ್ರೂವರ್, ಅಂತರ ಗುರುತಿಸೋ ಡಿವೈಡರ್, ಚಿಸೆಲ್, ಬಡಿಯೋ ಮ್ಯಾಲೆಟ್, ಸೂಜಿ ದಾರ, ಅಂಚು ಹೆರೆಯೋ ಎಡ್ಜ್ ಬೆವೆಲರ್, ಅಂಚು ನುಣುಪು ಮಾಡೋ ಮರದ ಕಡ್ಡಿ, ಹೀಗೆ. ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಎರಡು ಟೂಲ್ ಮಧ್ಯೆ ನಿಮ್ಮ ಬೆರಳು ಹೋಗೋಷ್ಟು ಜಾಗ ಬಿಡಿ. ಬಸ್‌ಸ್ಟ್ಯಾಂಡ್ ಪಕ್ಕ ಕೂತು ಚಪ್ಪಲಿ ಹೊಲಿಯೋರ ಮರದ ಪೆಟ್ಟಿಗೆಯನ್ನ ಒಮ್ಮೆ ಪಕ್ಕದಲ್ಲಿ ನಿಂತು ಗಮನಿಸಿ, ತುಂಬಾ ಬಳಸೋ ರಂಪಿಗೆ, ಆಲ್ ಎರಡೂ ಬಲಗೈಗೆ ಹತ್ತಿರ, ಮೊಳೆ ಒಂದು ಕಡೆ, ಮೇಣ ಹಚ್ಚಿದ ದಾರ ಒಂದು ಕಡೆ, ಅವರು ನೋಡದೇ ಕೈ ಹಾಕಿ ತೆಗೀತಾರೆ. ಅವರ ಟೂಲ್ಸ್ ತೆರೆದ ಪೆಟ್ಟಿಗೆಯಲ್ಲಿದ್ರೂ ತುಕ್ಕು ಹಿಡಿಯಲ್ಲ, ಯಾಕೆಂದ್ರೆ ದಿನಾ ಕಲ್ಲಿಗೆ ಮಸೀತಾರೆ, ದಿನಾ ಮೇಣ, ಎಣ್ಣೆ ಕೈ ತಾಗತ್ತೆ. ನಾವು ವಾರಕ್ಕೆ ಎರಡು ದಿನ ಕೂರೋರು, ನಮಗೆ ಮುಚ್ಚಳ ಬೇಕೇ ಬೇಕು. ಆದ್ರೆ ಆ ಜೋಡಣೆ ಅವರಿಂದಲೇ ಕಲೀಬೇಕು, ಇಂಟರ್ನೆಟ್‌ನಲ್ಲಿ ಕಾಣೋ ಚೆಂದದ ಕೇಸ್‌ಗಳಲ್ಲಿ ಬಹಳಷ್ಟು ಫೋಟೋಗೆ ಜೋಡಿಸಿದ್ದೇ ಹೊರತು ಕೈಗೆ ಜೋಡಿಸಿದ್ದಲ್ಲ.

ಪ್ಲೈ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಅಗ್ಗಕ್ಕೆ ಕೊಡೋದು ಎಮ್‌ಆರ್ ಗ್ರೇಡ್ (ತೇವ ಸ್ವಲ್ಪ ತಡೆಯೋ ಸಾದಾ ಪ್ಲೈ), ಅದಕ್ಕೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಹಾಕಿರ್ತಾರೆ, ಅದು ಸೆಕೆಗೆ ತೇವಕ್ಕೆ ನಿಧಾನವಾಗಿ ಆವಿ ಬಿಡತ್ತೆ, ಮುಚ್ಚಿದ ಪೆಟ್ಟಿಗೆ ಒಳಗೆ ಆ ಆವಿ ಲೋಹಕ್ಕೆ ಒಳ್ಳೇದಲ್ಲ. ಮರದ ನಾರು ಒತ್ತಿ ಮಾಡಿದ ಎಮ್‌ಡಿಎಫ್ ಹಲಗೆ ಅಂತೂ ಬೇಡವೇ ಬೇಡ, ಕರಾವಳಿಯಲ್ಲಿ ಊದಿಕೊಂಡು ಹೋಗತ್ತೆ. ಐಎಸ್ 710 ಅಂತ ಮುದ್ರೆ ಇರೋ ಮರೈನ್ ಪ್ಲೈ ಕೇಳಿ, ಅದರ ಅಂಟು ಫೀನಾಲಿಕ್, ನೀರಿಗೂ ಹೆದರಲ್ಲ. ನಿಮಗೆ ಬೇಕಾಗಿರೋದು ಸ್ವಲ್ಪವೇ, ಪೂರ್ತಿ ಎಂಟು-ನಾಲ್ಕರ ಶೀಟ್ ತಗೋಬೇಡಿ, ಇಂಟೀರಿಯರ್ ಕೆಲಸ ಮಾಡೋ ಬಡಗಿಗಳ ಹತ್ರ ಕಟ್ ಪೀಸ್ ಬಿದ್ದಿರತ್ತೆ, ಅಳತೆ ಚೀಟಿ ಕೊಟ್ರೆ ಮಷಿನ್‌ನಲ್ಲಿ ನೇರಕ್ಕೆ ಕುಯ್ದೂ ಕೊಡ್ತಾರೆ. ಮೂಲೆ ಮೂಲೆ ಸರಿಯಾಗಿ ಕೂರೋದು ಮುಕ್ಕಾಲು ಪಾಲು ಈ ಕಟಿಂಗ್ ಮೇಲೇ ನಿಂತಿದೆ, ಅದಕ್ಕೆ ನಾಲ್ಕು ಕಾಸು ಹೋದ್ರೂ ಚಿಂತೆ ಇಲ್ಲ.

ಅಳತೆ ಹೀಗೆ ಇಟ್ಕೊಳ್ಳಿ: 12 ಮಿ.ಮೀ. ಪ್ಲೈನಲ್ಲಿ ಉದ್ದದ ಬದಿ ಎರಡು, ತಲಾ 38.4 ಸೆಂ.ಮೀ. ಉದ್ದ 14 ಸೆಂ.ಮೀ. ಎತ್ತರ. ಅಡ್ಡ ಬದಿ ಎರಡು, ತಲಾ 24 ಉದ್ದ 14 ಎತ್ತರ. ಮೇಲಕ್ಕೂ ಕೆಳಕ್ಕೂ 6 ಮಿ.ಮೀ. ಪ್ಲೈ, 38.4ಕ್ಕೆ 26.4. ಒಳಗೆ 36ಕ್ಕೆ 24 ಸೆಂ.ಮೀ. ಜಾಗ ಸಿಗತ್ತೆ, 30 ಸೆಂ.ಮೀ. ಸ್ಟೀಲ್ ಸ್ಕೇಲ್ ಆರಾಮಾಗಿ ಹಿಡಿಯತ್ತೆ. ನಿಮ್ಮ ನ್ಯೂಸ್‌ಪೇಪರ್ ಗೆರೆಗೆ ಇದು ಸಾಲದಿದ್ರೆ ಉದ್ದ ಹೆಚ್ಚಿಸಿ, ಎತ್ತರ ಹೆಚ್ಚಿಸ್ಬೇಡಿ, ಎತ್ತರದ ಪೆಟ್ಟಿಗೆಯಲ್ಲಿ ಕೆಳಗಿನ ಟೂಲ್ ಮರೆತೇ ಹೋಗತ್ತೆ.

ಈಗ ಮುಖ್ಯವಾದ ಉಪಾಯ. ಪೆಟ್ಟಿಗೆಯನ್ನೂ ಮುಚ್ಚಳವನ್ನೂ ಬೇರೆ ಬೇರೆ ಮಾಡ್ಬೇಡಿ. ಆರೂ ಕಡೆ ಮುಚ್ಚಿದ ಒಂದೇ ಪೆಟ್ಟಿಗೆ ಕಟ್ಟಿ, ಅಂಟು ಒಣಗಿದ ಮೇಲೆ ಸುತ್ತಲೂ ಗರಗಸ ಹಾಕಿ ಮುಚ್ಚಳ ಬೇರ್ಪಡಿಸಿ, ಆಗ ಎರಡೂ ಒಂದಕ್ಕೊಂದು ಸರಿಯಾಗಿ ಕೂರತ್ತೆ, ಹೊಸಬರ ಕೈಗೂ ತಪ್ಪಲ್ಲ. ಬದಿಗಳ ಮೇಲಂಚಿನಿಂದ 4 ಸೆಂ.ಮೀ. ಕೆಳಗೆ ಸುತ್ತ ಪೆನ್ಸಿಲ್ ಗೆರೆ ಮೊದಲೇ ಹಾಕಿಟ್ಕೊಳ್ಳಿ, ಆ ಗೆರೆಯ ಹತ್ರ ಮೊಳೆ ಬಡೀಬೇಡಿ. ಅಂಟಿಗೆ ಫೆವಿಕಾಲ್ ಮರೈನ್, ಜೊತೆಗೆ ಒಂದು ಇಂಚಿನ ಸಣ್ಣ ಮೊಳೆಗಳು, ಮೂಲೆಮಟ್ಟ ಇಟ್ಟು ನೋಡ್ತಾ ಕ್ಲ್ಯಾಂಪ್ ಬಿಗಿ ಮಾಡಿ ಒಂದು ದಿನ ಬಿಡಿ, ಕ್ಲ್ಯಾಂಪ್ ಇಲ್ಲದಿದ್ರೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಎಳೆದು ಕಟ್ಟಿದ್ರೂ ಸಾಕು. ಕುಯ್ಯುವಾಗ ಸಣ್ಣ ಹಲ್ಲಿನ ಗರಗಸ, ಒಂದು ಬದಿ ಮುಗಿದ ಮೇಲೆ ಆ ಸೀಳಿಗೆ ಅಷ್ಟೇ ದಪ್ಪದ ರಟ್ಟು ತುರುಕಿ ಮೇಲಿಂದ ಟೇಪ್ ಸುತ್ತಿ, ಇಲ್ಲಾಂದ್ರೆ ಕೊನೇ ಬದಿ ಕುಯ್ಯುವಾಗ ಮುಚ್ಚಳ ಕುಸಿದು ಗರಗಸ ಹಿಡ್ಕೊಳತ್ತೆ. ಆಮೇಲೆ ಸಮತಟ್ಟಾದ ಗ್ರಾನೈಟ್ ಮೇಲೆ ಉಪ್ಪುಕಾಗದ ಹಾಸಿ ಎರಡೂ ಅಂಚನ್ನ ಅದರ ಮೇಲೆ ಉಜ್ಜಿ.

ಹಿಂಜ್, ಕೊಂಡಿ, ಸ್ಕ್ರೂ ಎಲ್ಲಾ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ತಗೊಳ್ಳಿ, ನಿಮ್ಮೂರ ಗಾಳಿಗೆ ಸಾದಾ ಕಬ್ಬಿಣದ ಹಿಂಜ್ ಎರಡು ಮಳೆಗಾಲ ಕೂಡ ಬಾಳಲ್ಲ. ಸ್ಕ್ರೂ ಉದ್ದ 10 ಮಿ.ಮೀ. ದಾಟಬಾರದು, 12ರ ಪ್ಲೈ ಆಚೆ ಮೊನೆ ಹೊರಬಂದ್ರೆ ಟೂಲ್‌ಗೂ ಬೆರಳಿಗೂ ಕಂಟಕ. ಪ್ಲೈನ ಅಂಚಿಗೆ ಸ್ಕ್ರೂ ಹಾಕಿದ್ರೆ ಪದರ ಬಿಡತ್ತೆ, ಹಿಂಜನ್ನ ಹಿಂಭಾಗದ ಮುಖದ ಮೇಲೇ ಕೂರಿಸಿ.

ಒಳಗಡೆ ಅರಗಿನ ಪಾಲಿಶ್ ಎರಡು ಮೂರು ಕೋಟ್ ಹೊಡೀರಿ, ಬಡಗಿಗಳು ಸ್ಪಿರಿಟ್‌ನಲ್ಲಿ ಕಲಸಿ ಹಚ್ತಾರಲ್ಲ ಅದೇ. ಬೇಗ ಒಣಗತ್ತೆ, ಮರದಿಂದ ಬರೋ ಆವಿಯನ್ನೂ ತಡೆಯತ್ತೆ. ಪಿಯು ಪಾಲಿಶ್ ಬೇಕಂದ್ರೆ ಹೊರಗೆ ಹೊಡೀರಿ. ಏನೇ ಹೊಡೆದ್ರೂ ಮುಚ್ಚಳ ತೆರೆದು ಎರಡು ವಾರ ಗಾಳಿಗೆ ಬಿಡಿ, ಪೇಂಟ್ ವಾಸನೆ ಪೂರ್ತಿ ಹೋಗೋವರೆಗೂ ಟೂಲ್ ಇಡ್ಬೇಡಿ. ಅವಸರ ಮಾಡೋರೆಲ್ಲ ಮಾಡೋದು ಈ ಹಂತದಲ್ಲೇ.

ಸ್ಟ್ಯಾಂಪ್‌ಗಳಿಗೆ ಹಿಂಭಾಗದ ಉದ್ದಕ್ಕೂ ಒಂದು ಬ್ಲಾಕ್. 36ಕ್ಕೆ 8 ಸೆಂ.ಮೀ. ಅಳತೆಯ 12 ಮಿ.ಮೀ. ಪ್ಲೈ ಮೂರು ಪದರ ಅಂಟಿಸಿ, ಮೂರನ್ನೂ ಸೇರಿಸಿ ಆರ್‌ಪಾರ್ ತೂತು ಹೊಡೆದು, ಕೆಳಗೆ 6 ಮಿ.ಮೀ. ಪ್ಲೈ ಅಂಟಿಸಿದ್ರೆ ಎಲ್ಲ ತೂತೂ ಒಂದೇ ಆಳಕ್ಕೆ ಬರತ್ತೆ. ಸ್ಟ್ಯಾಂಪ್‌ನ ದಂಡ ಸುಮಾರು 6 ಮಿ.ಮೀ. ಇರತ್ತೆ, ನೀವು 7ರ ಬಿಟ್ ಹಾಕಿ, ಇಲ್ಲಾಂದ್ರೆ ಬೇಸಿಗೆಯಲ್ಲಿ ಬಿಗಿಯಾಗಿ ಕೂತ ಟೂಲ್ ಮಳೆಗಾಲದಲ್ಲಿ ಮರ ಉಬ್ಬಿ ಕಿತ್ರೂ ಬರಲ್ಲ. ತೂತಿಂದ ತೂತಿಗೆ 2 ಸೆಂ.ಮೀ., ಮೂರು ಸಾಲು, ಸುಮಾರು 50 ಟೂಲ್‌ಗೆ ಜಾಗ ಆಗತ್ತೆ. ಡಿಸೈನ್ ಇರೋ ತಲೆ ಮೇಲೆ ಬರೋ ಹಾಗೆ ನಿಲ್ಲಿಸಿ, ಯಾವುದು ಯಾವುದು ಅಂತ ನೋಡಿದ ತಕ್ಷಣ ಗೊತ್ತಾಗತ್ತೆ. ಸಾಮಾನ್ಯವಾಗಿ ಸ್ಟ್ಯಾಂಪ್ 11 ಸೆಂ.ಮೀ. ಉದ್ದ ಇರೋದ್ರಿಂದ ಪೆಟ್ಟಿಗೆಯ ಅಂಚಿಗಿಂತ ಹೆಚ್ಚುಕಮ್ಮಿ 2 ಸೆಂ.ಮೀ. ಮೇಲಕ್ಕೆ ನಿಲ್ಲತ್ತೆ, ತಲೆಗಳಿಗೆ ಮುಚ್ಚಳದ ಆಳದಲ್ಲಿ ಜಾಗ ಇದೆ. ಆ ಭಾಗದಲ್ಲಿ ಮುಚ್ಚಳದ ಒಳಗೆ ಎರಡೂವರೆ ಸೆಂ.ಮೀ. ದಪ್ಪದ ಫೋಮ್ ಅಂಟಿಸಿದ್ರೆ ಮುಚ್ಚಿದಾಗ ತಲೆಗಳನ್ನ ಹಗುರವಾಗಿ ಒತ್ತಿ ಹಿಡಿಯತ್ತೆ, ಪೆಟ್ಟಿಗೆ ಓರೆಯಾದ್ರೂ ಬೀಳಲ್ಲ.

ಫೋಮ್ ಯಾವುದು ಅನ್ನೋದರಲ್ಲಿ ಹುಷಾರಾಗಿರಿ. ಸೋಫಾ ಕುಶನ್‌ನ ಹಳದಿ ಫೋಮ್ ಸೆಕೆಯಲ್ಲಿ ಕೆಲವು ವರ್ಷಕ್ಕೆ ಜಿಗುಟಾಗಿ ಪುಡಿ ಪುಡಿ ಉದುರತ್ತೆ, ಅಂಟಿದ ಪುಡಿ ಟೂಲ್‌ನಿಂದ ಬಿಡಲ್ಲ. ಟಿವಿ, ಫ್ರಿಜ್ ಪ್ಯಾಕಿಂಗ್‌ನಲ್ಲಿ ಬರೋ ಮೆತ್ತನೆ ಬಿಳಿ ಇಪಿಇ ಫೋಮ್ ಇದ್ಯಲ್ಲ, ಒತ್ತಿದ್ರೆ ಮತ್ತೆ ಎದ್ದು ಬರೋದು, ಅದು ನೀರು ಹೀರಲ್ಲ, ಆಮ್ಲ ಬಿಡಲ್ಲ, ದುಡ್ಡೂ ಇಲ್ಲ. ವೆಲ್ವೆಟ್, ಉಣ್ಣೆ ಬಟ್ಟೆ ಎಲ್ಲಾ ತೇವ ಹಿಡಿದಿಟ್ಕೊಳ್ಳೋವೇ, ನಿಮಗೆ ಬೇಡ.

ಮುಂದಿನ 15 ಸೆಂ.ಮೀ. ಅಗಲದಲ್ಲಿ ಮೇಲೊಂದು ಟ್ರೇ, 4 ಸೆಂ.ಮೀ. ಎತ್ತರದ್ದು, ಕೆಳಗೆ ಖಾಲಿ ಜಾಗ. ಮ್ಯಾಲೆಟ್ ತಲೆ ದಪ್ಪ ಇದ್ರೆ ಟ್ರೇ ಉದ್ದ 26 ಸೆಂ.ಮೀ.ಗೇ ನಿಲ್ಲಿಸಿ, ಉಳಿದ ಬಾವಿಯಲ್ಲಿ ಮ್ಯಾಲೆಟ್ ತಲೆ, ಹಿಡಿ ಟ್ರೇ ಕೆಳಗೆ ಮಲಗತ್ತೆ. ದಾರದ ಉಂಡೆ, ಮೇಣ, ನುಣುಪು ಕಡ್ಡಿ ಎಲ್ಲಾ ಕೆಳಗೇ ಇರಲಿ. ಮೇಲಿನ ಟ್ರೇ ಬರೀ ಅಲಗಿಗೆ. ಇಲ್ಲಿ ಅರ್ಥ ಮಾಡ್ಕೋಬೇಕಾದ್ದು, ಪೆಟ್ಟಿಗೆ ಟೂಲನ್ನ ಯಾವತ್ತೂ ಅದರ ಹರಿತದ ಕಡೆಯಿಂದ ಹಿಡೀಬಾರದು, ಹಿಡಿಯಿಂದ, ದಂಡದಿಂದ ಹಿಡೀಬೇಕು. ಟ್ರೇಗೆ ಅಡ್ಡಲಾಗಿ ಎರಡು ಪ್ಲೈ ಪಟ್ಟಿ ನಿಲ್ಲಿಸಿ ಅದರ ಮೇಲಂಚಿನಲ್ಲಿ ಟೂಲ್‌ಗೆ ತಕ್ಕ ಕಚ್ಚು ಹಾಕಿ, ಒಂದು ಕಚ್ಚು ಹಿಡಿಗೆ, ಇನ್ನೊಂದು ಕುತ್ತಿಗೆಗೆ, ಅಲಗು ಅಥವಾ ಹಲ್ಲು ಗಾಳಿಯಲ್ಲಿ ತೇಲ್ತಾ ಇರತ್ತೆ. ರಂಪಿಗೆ ಬರೀ ಸ್ಟೀಲ್ ಪಟ್ಟಿ, ಅದರ ಕಚ್ಚನ್ನ ಕಿರಿದಾಗಿ ಆಳವಾಗಿ ಮಾಡಿ, ಹರಿತದ ಕಡೆ ಗೋಡೆಯಿಂದ ಅರ್ಧ ಸೆಂ.ಮೀ. ದೂರ ಇರಲಿ. ಚಿಸೆಲ್ ಹಲ್ಲೆಲ್ಲ ಒಂದೇ ದಿಕ್ಕಿಗೆ, ನಿಮ್ಮ ಕೈ ಬರೋ ಕಡೆಗಲ್ಲ, ಅದರ ಆಚೆ ಕಡೆಗೆ. ಆಲ್‌ನ ಮೊನೆಗೆ ಅದೇ ಬಿಳಿ ಫೋಮ್‌ನ ಸಣ್ಣ ತುಂಡು ಚುಚ್ಚಿಟ್ರೆ ಸಾಕು. ಸೂಜಿಗಳಿಗೆ ಹಳೇ ಪ್ಲಾಸ್ಟಿಕ್ ಟ್ಯೂಬ್, ಒಂದು ಹನಿ ಎಣ್ಣೆ ಹಾಕಿ ಅಲ್ಲಾಡಿಸಿ.

ಸ್ಕೇಲು, ಹಸಿರು ಪಾಲಿಶ್ ಪೇಸ್ಟ್ ಹಚ್ಚಿ ಅಲಗು ಮಸೆಯೋ ಸ್ಟ್ರಾಪ್ ಇವೆರಡನ್ನೂ ಮುಚ್ಚಳದಲ್ಲಿ ಇಡೋಣ ಅನ್ಸಬಹುದು. ಸ್ಕೇಲ್ ಇಡಿ. ಸ್ಟ್ರಾಪ್ ಲೆದರ್‌ದೇ ಆದ್ರಿಂದ ಅದಕ್ಕೆ ಪೆಟ್ಟಿಗೆ ಹೊರಗೆ ಒಂದು ಮೊಳೆಗೆ ನೇತು ಹಾಕೋ ಜಾಗ ಮಾಡಿ. ಅದೇ ರೀತಿ ರಬ್ಬರ್ ಸಲ್ಯೂಷನ್, ಡೈ, ಸ್ಪಿರಿಟ್, ಎಡ್ಜ್ ಪೇಂಟ್ ಯಾವುದೂ ಈ ಪೆಟ್ಟಿಗೆ ಒಳಗೆ ಬೇಡ. ಮುಚ್ಚಳ ಎಷ್ಟೇ ಬಿಗಿ ಇದ್ರೂ ಆವಿ ಬರತ್ತೆ, ಬೆಂಕಿಯ ಭಯವೂ ಇದೆ, ಒಂದು ಸಲ ಡೈ ಚೆಲ್ಲಿದ್ರೆ ಮಾಡಿದ್ದೆಲ್ಲ ಹಾಳು. ಅವಕ್ಕೆ ಬೇರೆ ಪ್ಲಾಸ್ಟಿಕ್ ಬುಟ್ಟಿ, ಅಡುಗೆಮನೆಯಿಂದ ದೂರ.

ನಿಮ್ಮ ಲೆದರ್ ಕೆಲಸ ತೋರಿಸೋಕೆ ಜಾಗ ಇಲ್ಲ ಅಂತ ಬೇಜಾರು ಬೇಡ, ಹೊರಗಡೆ ಪೂರ್ತಿ ನಿಮ್ಮದೇ. ಮೇಲೆ ಹಿಡಿಕೆ ಮಾಡಿ, 3 ಮಿ.ಮೀ. ದಪ್ಪದ ಪಟ್ಟಿ ಎರಡು ಪದರ ಸೇರಿಸಿ ಹೊಲಿದು ಅಂಚು ನುಣುಪು ಮಾಡಿ, ಬೋಲ್ಟ್ ಹಾಕಿ ಒಳಗಿಂದ ಅಗಲ ವಾಷರ್ ಕೊಟ್ಟು ಬಿಗಿ ಮಾಡಿ. ಮುಚ್ಚಳ 6 ಮಿ.ಮೀ. ಪ್ಲೈ ಅಲ್ವಾ, ಬರೀ ಮರದ ಸ್ಕ್ರೂ ಹಾಕಿದ್ರೆ ತುಂಬಿದ ಪೆಟ್ಟಿಗೆ ಎತ್ತಿದಾಗ ಕಿತ್ತು ಬರತ್ತೆ. ಇನ್ನೂ ಭದ್ರ ಬೇಕಂದ್ರೆ ಎರಡು ಬೆಲ್ಟ್ ಪಟ್ಟಿ ಪೆಟ್ಟಿಗೆಯ ತಳದಿಂದ ಸುತ್ತಿ ಬಕಲ್ ಹಾಕಿ ಮೇಲೆ ಹಿಡಿಕೆ ಸೇರಿಸಿ, ಭಾರ ಪೂರ್ತಿ ತಳದ ಮೇಲೆ ಬೀಳತ್ತೆ, ನನಗೆ ಇಷ್ಟವಾದ ವಿಧಾನ ಇದೇ. ಮುಂದಿನ ಮುಖಕ್ಕೆ ಕೆತ್ತನೆ ಮಾಡಿದ ಒಂದು ಫಲಕ ಅಂಟಿಸಿದ್ರೆ ಸ್ಟಾಲ್‌ನಲ್ಲಿ ಪೆಟ್ಟಿಗೆಯೇ ನಿಮ್ಮ ಬೋರ್ಡ್ ಆಗತ್ತೆ.

ತೇವದ ವ್ಯವಸ್ಥೆ ಮರೀಬೇಡಿ. ಅಂಚಿನ ಸುತ್ತ ಬಾಗಿಲಿಗೆ ಅಂಟಿಸೋ ತೆಳು ರಬ್ಬರ್ ಪಟ್ಟಿ ಕೊಡಿ, ಒಳಗೆ 100 ಗ್ರಾಂ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಇಡಿ. ಶೂ ಬಾಕ್ಸಲ್ಲಿ ಬರೋ ಪುಟಾಣಿ ಪೊಟ್ಟಣಗಳು ನಿಮ್ಮ ಕೈಗೆ ಬರೋ ಹೊತ್ತಿಗೆ ತೇವ ಕುಡಿದು ಮುಗಿಸಿರ್ತವೆ, ನಂಬ್ಬೇಡಿ. ಬಣ್ಣ ಬದಲಾಯಿಸೋ ಜಾತಿ ತಗೊಳ್ಳಿ, ನೀಲಿದರಲ್ಲಿ ಕೋಬಾಲ್ಟ್ ಇರತ್ತೆ, ಮನೆಯಲ್ಲಿ ಮಕ್ಕಳಿದ್ರೆ ಬೇಡ, ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಹೀರಿ ಹಸಿರಾದಾಗ ಓವನ್‌ನಲ್ಲಿ 110-120 ಡಿಗ್ರಿಗೆ ಒಂದೆರಡು ಗಂಟೆ ಇಟ್ರೆ ಮತ್ತೆ ಕಿತ್ತಳೆಗೆ ಬರತ್ತೆ. ಮಳೆಗಾಲದಲ್ಲಿ ಪೆಟ್ಟಿಗೆಯನ್ನ ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಡಬೇಡಿ. ಕೆಲಸ ಮುಗಿದ ಮೇಲೆ ಪ್ರತಿ ಟೂಲ್ ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಸವರಿ. ಅಡುಗೆ ಎಣ್ಣೆ ಬೇಡ, ದಿನ ಹೋದ ಹಾಗೆ ಅಂಟಂಟಾಗತ್ತೆ. ಸ್ಟ್ಯಾಂಪ್ ಮುಖಕ್ಕೆ ಎಣ್ಣೆ ಹಚ್ಚಿದ್ರೆ ಮುಂದಿನ ಸಲ ಲೆದರ್ ಮೇಲೆ ಒತ್ತೋ ಮೊದಲು ಒಂದು ವೇಸ್ಟ್ ತುಂಡಿನ ಮೇಲೆ ಒತ್ತಿ ನೋಡಿ, ಕಲೆ ಬಿದ್ರೆ ಸ್ಪಿರಿಟ್‌ನಲ್ಲಿ ಒರೆಸಿ.

ಈಗ ನಿಮ್ಮ ತುಕ್ಕಿನ ಚಿಸೆಲ್. ಮೇಲ್ಮೈ ತುಕ್ಕಾದ್ರೆ ಖಂಡಿತ ಸರಿ ಆಗತ್ತೆ, ಎಸೀಬೇಡಿ. ಸೀಮೆಎಣ್ಣೆ ಅಥವಾ ಮಷಿನ್ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ, ಆಮೇಲೆ 600ರ ವಾಟರ್ ಪೇಪರ್ ಸಣ್ಣಗೆ ಮಡಿಸಿ ಹಲ್ಲುಗಳ ಸಂದಿಗೆ ಹಾಕಿ ಮೇಲೆ ಕೆಳಗೆ ಎಳೆಯಿರಿ, ನಂತರ 1000. ಅಡ್ಡ ಉಜ್ಜಬೇಡಿ, ಹಲ್ಲಿನ ಉದ್ದಕ್ಕೇ ಉಜ್ಜಿ, ಅಡ್ಡ ಗೀರು ಉಳಿದ್ರೆ ಲೆದರ್‌ನಲ್ಲಿ ಚುಚ್ಚಿದ ಮೇಲೆ ಎಳೆಯೋಕೆ ಬಿಗಿ ಆಗತ್ತೆ. ಮೊನೆಗಳಲ್ಲಿ ಆಳವಾದ ಗುಳಿ ಬಿದ್ದಿದ್ರೆ ಮಾತ್ರ ಆ ಚಿಸೆಲನ್ನ ಒರಟು ಕೆಲಸಕ್ಕೆ, ಬ್ಯಾಗಿನ ಒಳಹೊಲಿಗೆಗೆ ಇಟ್ಕೊಳ್ಳಿ. ಆಲ್ ಮೊನೆ ಒಂದೆರಡು ಮಿ.ಮೀ. ಮುರಿದಿದ್ರೆ 400ರ ಪೇಪರನ್ನ ಗಾಜಿನ ಮೇಲೆ ಹಾಸಿ, ನಾಲ್ಕೂ ಮುಖವನ್ನ ಒಂದೊಂದಾಗಿ ಅಷ್ಟಷ್ಟೇ ಸಲ ಎಳೆದು ಮೊನೆ ತನ್ನಿ, ಆಮೇಲೆ 1000, ಕೊನೆಗೆ ಹಸಿರು ಪೇಸ್ಟ್ ಹಚ್ಚಿದ ಸ್ಟ್ರಾಪ್. ವಜ್ರಾಕಾರ ಕೆಡಬಾರದು, ದುಂಡಗಾದ್ರೆ ಹೊಲಿಗೆಗೆ ಬೇಕಾದ ಓರೆ ಬರಲ್ಲ. ಪೇಪರ್ ಮೇಲೆ ಎಳೆಯೋ ಮೊದಲು ನಾಲ್ಕೂ ಮುಖಕ್ಕೆ ಮಾರ್ಕರ್ ಪೆನ್ ಬಳಿದುಕೊಳ್ಳಿ, ಶಾಯಿ ಎಲ್ಲಿ ಉಳಿದಿದೆಯೋ ಅಲ್ಲಿ ಪೇಪರ್ ತಾಗಿಲ್ಲ ಅಂತ ಕಾಣ್ತಾ ಹೋಗತ್ತೆ.